ಬೋರಣ್ಣನ ಅರ್ಧ ಮಾಳಿಗೆ

ನಾನು ಬೋರಣ್ಣನನ್ನು ಮೊದಲು ಕಂಡ ದಿನ ಅವನು ತನ್ನ ಮನೆಯ ಮಾಳಿಗೆ ಹತ್ತಿ, ಸುತ್ತಿಗೆಯಿಂದ ಸಿಮೆಂಟು ಒಡೆಯುತ್ತಿದ್ದ. ಮೂರು ವರ್ಷದ ಹಿಂದಿನ ಮಾತು. ಆಗ ಅವನಿಗೆ ಅರವತ್ತೆಂಟು. ನಾಲ್ಕು ಏಟು ಹೊಡೆದರೆ ಎಂಟು ನಿಮಿಷ ಕೂರುತ್ತಿದ್ದ.

ದೊಡ್ಡಉಳ್ಳಾರ್ತಿಯ ಆ ಮನೆ ಏಳು ತಲೆಮಾರು ಕಂಡದ್ದು. ತೊಲೆಗಳ ಮೇಲೆ ಮೊಳದಷ್ಟು ಮಣ್ಣು. ವರ್ಷವರ್ಷವೂ ಮುಂಗಾರಿಗೆ ಮೊದಲು ಊರಾಚೆಯ ಹುಲ್ಲುಗಾವಲಾದ ಕಾವಲಿನಿಂದ ಉಪ್ಪಿನಂಶದ ಚೌಳುಮಣ್ಣು ತಂದು, ಮೇಲೆ ಹರಡಿ, ತುಳಿಯಬೇಕು. ಮಳೆ ಬಿದ್ದರೆ ಆ ಬಿಳಿ ಮಣ್ಣು ಬಿಗಿದುಕೊಂಡು ಹನಿ ನೀರನ್ನೂ ಇಳಿಯಗೊಡದು. ಅವ್ವನ ಕೈ ಹಿಡಿದು ತುಳಿಯಲು ಕಲಿತವನು ಬೋರಣ್ಣ. ಮೊಣಕಾಲು ಕೈಕೊಟ್ಟ ವರ್ಷ, ಈ ತಾಪತ್ರಯವೇ ಬೇಡವೆಂದು ಮಣ್ಣಿನ ಮೇಲೆ ಸಿಮೆಂಟು ಬಳಿಸಿದವನೂ ಅವನೇ. ಸಿಮೆಂಟು ಬಿರುಕು ಬಿಟ್ಟಿತು. ಒಳಗಿಳಿದ ನೀರಿಗೆ ಆರುವ ದಾರಿಯಿಲ್ಲದೆ ನಡುಮನೆಯ ತೊಲೆ ಕೊಳೆಯಿತು.

ಮನೆಯ ಇನ್ನರ್ಧದಲ್ಲಿರುವ ತಮ್ಮ ಶಿವಣ್ಣನಿಗೆ ಅಷ್ಟೇ ಸಾಕಾಯಿತು.

"ಎಲ್ಲಾ ಕೆಡವಿ ಆರ್‌ಸಿಸಿ ಹಾಕ್ಸಾನ ಬಿಡಣ್ಣ. ನಿನ್ ಕಾಲೂ ಹೋಗೈತೆ, ಮನೇನೂ ಹೋಗೈತೆ."

"ಒಂದ್ ಮಳೆಗಾಲ ತಡಿಯಲೇ, ತಿರುಗಾ ಮಣ್ಣೇ ಹಾಕ್ ನೋಡಾನ. ಸೋರಿದ್ರೆ ಗುದ್ದಲಿ ನಾನೇ ತಂದ್ ಕೊಡ್ತೀನಿ."

ಚಳ್ಳಕೆರೆಯಿಂದ ಬಡಗಿಯನ್ನು ಕರೆಸಿ ಬೇವಿನ ತೊಲೆ ಕೂಡಿಸಿದ್ದಾಯಿತು. ಆದರೆ ಮಣ್ಣು? ಕಾವಲಿನ ಹಳೆಯ ಗುಂಡಿ, ಸರ್ಕಾರಿ ಸಂಸ್ಥೆಯವರು ಕಾವಲಿಗೆ ಹಾಕಿದ ಕಾಂಪೌಂಡಿನೊಳಗೆ ಸೇರಿಹೋಗಿತ್ತು. ಮೊಳಕಾಲ್ಮುರು ಕಡೆಯ ಹಳ್ಳಗಳನ್ನೆಲ್ಲ ಅಲೆದು, ಚಿಟಿಕೆ ಮಣ್ಣು ನಾಲಿಗೆಗಿಟ್ಟು ಉಪ್ಪು ನೋಡಿ, ಒಂದು ಟ್ರ್ಯಾಕ್ಟರ್ ಮಣ್ಣು ತಂದ.

"ಸಂತೆಗ್ ಹೋದೋರು ಬೆಲ್ಲ ನೆಕ್ತಾರೆ, ನಮ್ ಯಜಮಾನ್ರು ಮಣ್ಣು ನೆಕ್ಕಂಡ್ ಬಂದ್ರು" ಎಂದು ಹೆಂಡತಿ ಪಾಪಕ್ಕ ನಕ್ಕಳು. ನಕ್ಕವಳೇ ಸೆರಗು ಸಿಕ್ಕಿಸಿ ತುಳಿಯಲು ಹತ್ತಿದಳು.

ಮೊದಲ ಜಡಿಮಳೆಗೆ ನಡುಮನೆ ಸೋರಲಿಲ್ಲ. ಶಿವಣ್ಣನ ಅಡುಗೆಮನೆಯ ಮೂಲೆ ಸೋರಿತು; ಮಣ್ಣು ಸಾಲದೆ ಅಲ್ಲಿ ತೆಳ್ಳಗೆ ಹರಡಿದ್ದರು. ಹೇಳಿದಂತೆ ಬೋರಣ್ಣ ಗುದ್ದಲಿ ತಂದು ತಮ್ಮನ ಕೈಗಿಟ್ಟ. ಶಿವಣ್ಣ ಅದನ್ನು ಹಿಡಿದುಕೊಂಡು, ಸೋರದ ನಡುಮನೆಯ ಮಾಳಿಗೆಯತ್ತ ನೋಡಿದ.

"ನನ್ ಭಾಗ ಅಷ್ಟೇ ಕೀಳ್ತೀನಣ್ಣ. ನಿಂದು ನಿಂಗಿರ್ಲಿ."

ಈಗ ಒಂದೇ ಮನೆಗೆ ಎರಡು ಮಾಡು: ಅರ್ಧ ಸ್ಲ್ಯಾಬು, ಅರ್ಧ ಮಣ್ಣು. ಸ್ಲ್ಯಾಬಿನ ನೀರು ಈಚೆ ಹರಿಯದಂತೆ ನಡುವೆ ಬೋರಣ್ಣ ಒಂದು ಬದು ಹಾಕಿಕೊಂಡಿದ್ದಾನೆ. ಮಳೆ ಬಂದ ಮರುದಿನ ಏಣಿ ಹತ್ತುತ್ತಾನೆ. ಕೆಳಗೆ ಪಾಪಕ್ಕ ಏಣಿ ಹಿಡಿದಿರುತ್ತಾಳೆ. ಸ್ವಲ್ಪ ಹೊತ್ತು ತಮ್ಮನ ಸ್ಲ್ಯಾಬಿನ ಅಂಚಿನ ಮೇಲೆ ಕೂತು ಮೊಣಕಾಲು ನೀವಿಕೊಂಡು, ಆಮೇಲೆ ಎದ್ದು, ತನ್ನ ಮಣ್ಣಿನ ಬಿರುಕುಗಳನ್ನು ಒಂದೊಂದಾಗಿ ಹಿಮ್ಮಡಿಯಿಂದ ಒತ್ತಿ ಮುಚ್ಚುತ್ತಾನೆ.