ಜಾಗ ಬಿಡದ ಚುಕ್ಕೆ

ನನ್ನ ಕಂಪ್ಯೂಟರಿನಲ್ಲಿ ಮೂರು ಚಿತ್ರಗಳಿವೆ. ಮೊದಲ ಎರಡನ್ನು ಒಂದು ಶನಿವಾರ ಮಧ್ಯಾಹ್ನ ನಾನು ತೆಗೆದೆ. ಮೂರನೆಯದನ್ನು ಮರುದಿನ ಬೆಳಿಗ್ಗೆ ಮಾಮ ತೆಗೆದರು. ಅದರಲ್ಲಿ ನೋಡಲು ಏನೂ ಇಲ್ಲ, ಕಲಸಿಹೋದ ಬೂದು ಬಣ್ಣದ ಆಕಾಶ ಅಷ್ಟೆ. ಆದರೂ ಪರೀಕ್ಷೆ ಪೇಪರ್ ತಿದ್ದುವ ನಡುವೆ, ಅಕ್ಕಿ ತೊಳೆಯುವ ನಡುವೆ ಕೈ ಒರೆಸಿಕೊಂಡು ಬಂದು ನಾನು ಅದನ್ನೇ ತೆರೆದು ನೋಡುತ್ತೇನೆ.

ಮಾಮ ಸಂಬಂಧದಲ್ಲಿ ಮಾಮನಲ್ಲ. ನಮ್ಮ ತಂದೆಯ ಜೊತೆ ಓದಿದವರು. ಚಿಕ್ಕಂದಿನಿಂದ ಹಾಗೆ ಕರೆದು ಅಭ್ಯಾಸವಾಗಿದೆ. ಅವರ ಹುಟ್ಟೂರು ಹಾರನಹಳ್ಳಿ. ಮನೆಯವರೆಲ್ಲ ಕೊಬ್ಬರಿ ವ್ಯಾಪಾರಕ್ಕೆ ಇಳಿದರೆ ಇವರೊಬ್ಬರು ಕ್ಯಾಮೆರಾ ಹಿಡಿದು ಅರಸೀಕೆರೆಯಲ್ಲಿ ಸ್ಟುಡಿಯೋ ಇಟ್ಟರು. ನನ್ನ ಹತ್ತನೇ ತರಗತಿಯ ಹಾಲ್ ಟಿಕೆಟ್ಟಿನ ಫೋಟೋ ತೆಗೆದವರೂ ಅವರೇ. ಎಪ್ಪತ್ತು ದಾಟಿದ ಮೇಲೆ ಮದುವೆ ಮನೆಗಳನ್ನು ಬಿಟ್ಟರು. ಉಳಿಸಿಕೊಂಡದ್ದು ಪಾಸ್‌ಪೋರ್ಟ್ ಅಳತೆಯ ಫೋಟೋ ಮತ್ತು ಡಿಜಿಟಲ್ ಕ್ಯಾಮೆರಾದ ಒಳಗೆ ಚಿತ್ರ ಮೂಡುವ ಗಾಜು, ಅಂದರೆ ಸೆನ್ಸರ್, ಒರೆಸುವ ಕೆಲಸ. ಬೇಲೂರಿನಲ್ಲಿ ಪ್ರವಾಸಿಗರ ಫೋಟೋ ತೆಗೆಯುವವರು ಬಸ್ಸು ಹತ್ತಿ ಬಂದು ಇವರ ಮುಂದೆ ಕ್ಯಾಮೆರಾ ಇಟ್ಟು ಕೂರುತ್ತಿದ್ದರು.

"ಫಿಲ್ಮ್ ಕಾಲದಾಗೆ ಒಂದೊಂದು ಫೋಟೋಗೂ ಹೊಸಾ ಫಿಲ್ಮ್ ಬರೋದು ಕಣಮ್ಮ. ದೂಳು ಬಿದ್ರೆ ಆ ಒಂದು ಫೋಟೋಗೆ ಹೋಯ್ತು. ಈಗ ಹಂಗಲ್ಲ. ಒಳಗಿರೋದು ಒಂದೇ ಗಾಜು. ಬಿದ್ದಿದ್ದು ಎಲ್ಲಾ ಫೋಟೋದಲ್ಲೂ ಕೂತಿರ್ತದೆ," ಎಂದು ಅವರು ನನಗೆ ಮೊದಲ ಪಾಠ ಹೇಳಿದ್ದರು.

ನಾನು ಹಳೇಬೀಡಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ರಜೆಯ ದಿನಗಳಲ್ಲಿ ಸುತ್ತಲಿನ ವೀರಗಲ್ಲುಗಳ ಫೋಟೋ ತೆಗೆಯುವ ಹುಚ್ಚು ಹತ್ತಿಸಿಕೊಂಡು ಯಾರೋ ಬಳಸಿದ ಕ್ಯಾಮೆರಾ ಒಂದನ್ನು ಕೊಂಡಿದ್ದೆ. ಆಯುಧಪೂಜೆಯ ದಿನ ಅದನ್ನು ಮಾಮನ ಸ್ಟುಡಿಯೋಕ್ಕೆ ಒಯ್ದೆ. ಪರಿಚಯದವರೆಲ್ಲ ತಮ್ಮ ಕ್ಯಾಮೆರಾ ತಂದು ಅಲ್ಲಿ ಪೂಜೆ ಮಾಡಿಸುವುದು ವಾಡಿಕೆ. ಮಾಮ ಲೆನ್ಸ್‌ಗಳನ್ನು ಕಳಚಿ ಬೇರೆ ಇಡುತ್ತಾರೆ. ಬಾಡಿ ಒಂದು ಆಯುಧ, ಲೆನ್ಸ್ ಇನ್ನೊಂದು ಆಯುಧ, ಎರಡಕ್ಕೂ ಬೇರೆ ಬೇರೆ ವಿಭೂತಿ ಬೀಳಬೇಕು ಎಂಬುದು ಅವರ ಲೆಕ್ಕ. ನನ್ನ ಕ್ಯಾಮೆರಾದ ಬಾಯಿ ಮುಚ್ಚುವ ಮುಚ್ಚಳ ಕಳೆದುಹೋಗಿತ್ತು. ಮಾಮ ಅದರ ಮೇಲೆ ಒಂದು ವೀಳ್ಯದೆಲೆ ಮುಚ್ಚಿದರು. ಮೂರು ಬೆರಳಿನಿಂದ ವಿಭೂತಿ ಎಳೆದರು, ಕುಂಕುಮ ಇಟ್ಟರು, ಸೇವಂತಿಗೆ ಏರಿಸಿದರು. ಬೇಲೂರಿನಿಂದ ಬಂದಿದ್ದ ಫೋಟೋಗ್ರಾಫರ್ ಒಬ್ಬ, "ಯಜಮಾನ್ರೆ, ಒರೆಸೋರೂ ನೀವೆ, ಒಳಕ್ಕೆ ಬೂದಿ ಹಾಕೋರೂ ನೀವೆ. ಚೆನ್ನಾಗೈತೆ ನಿಮ್ಮ ವ್ಯಾಪಾರ," ಎಂದ. "ಮುಚ್ಲಾ ಬಾಯಿ, ಮಂಗಳಾರತಿ ತಗೊ," ಎಂದರು ಮಾಮ.

ಎಲೆ ತೆಗೆಯುವಾಗ ಅದರ ಮೇಲಿದ್ದದ್ದು ಒಳಗೆ ಉದುರಿತು. ವಾರ ಕಳೆದ ಮೇಲೆ ನನ್ನ ಚಿತ್ರಗಳ ಆಕಾಶದಲ್ಲಿ ಮಸುಕಾದ ಚುಕ್ಕೆಗಳು ಕಂಡವು.

ಮಾಮನಿಗೆ ನಾಚಿಕೆಯಾಯಿತು. ಅಂದು ಅವರು ಕೆಲಸ ಮಾಡಿದ ರೀತಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ನನ್ನನ್ನು ಬೀದಿಗೆ ಕರೆದು ಆಕಾಶದ ಫೋಟೋ ತೆಗೆಸಿದರು. ಲೆನ್ಸಿನ ಕಂಡಿಯನ್ನು ಆದಷ್ಟೂ ಕಿರಿದು ಮಾಡಬೇಕು, ಆಗಲೇ ದೂಳು ಎದ್ದು ಕಾಣುವುದು. "ಒಂದಲ್ಲ, ಎರಡು ತೆಗಿ," ಎಂದರು. "ಎರಡನ್ನೂ ಒಂದರ ಹಿಂದೆ ಒಂದು ನೋಡು. ದೂಳಾದ್ರೆ ಜಾಗ ಬಿಡಲ್ಲ. ಜಾಗ ಬಿಟ್ರೆ ಅದು ದೂಳಲ್ಲ, ಹಕ್ಕಿನೋ ಹುಳಾನೋ ಇನ್ನೇನೋ. ಅನುಮಾನ ಇದ್ರೆ ಶಟರ್ ನಿಧಾನಕ್ಕಿಟ್ಟು ಕ್ಯಾಮೆರಾನ ಗರಗರ ತಿರುಗಿಸ್ತಾ ತೆಗಿ. ಹೊರಗಿಂದೆಲ್ಲಾ ಕಲಸಿಹೋಯ್ತದೆ, ಒಳಗಿನ ದೂಳು ಮಾತ್ರ ಅಲ್ಲೇ ನಿಂತಿರ್ತದೆ."

ಆಮೇಲೆ ಒಳಗೆ ಬಂದು ಬಾಗಿಲು ಹಾಕಿ ಫ್ಯಾನ್ ನಿಲ್ಲಿಸಿದರು. ಕ್ಯಾಮೆರಾದ ಒಳಗನ್ನಡಿ ಎತ್ತಿ, ಬಾಯಿ ಕೆಳಮುಖ ಮಾಡಿ, ರಬ್ಬರ್ ಬ್ಲೋವರಿನಿಂದ ಗಾಳಿ ಊದಿದರು. ಹೋಗದೆ ಉಳಿದದ್ದಕ್ಕೆ ಚಪ್ಪಟೆ ತುದಿಯ ಕಡ್ಡಿಗೆ ಎರಡೇ ಹನಿ ದ್ರವ ಬಿಟ್ಟು, ಆ ಕಡೆಯಿಂದ ಈ ಕಡೆಗೆ ಒಂದೇ ಎಳೆತ. ಆ ಹೊತ್ತಿನಲ್ಲಿ ಯಾರೂ ಮಾತಾಡಬಾರದು. ಅವರ ಕೈಬೆರಳುಗಳು ಹೊರಗೆ ಚಹದ ಲೋಟ ಹಿಡಿಯುವಾಗ ನಡುಗುತ್ತಿದ್ದವು, ಕಡ್ಡಿ ಹಿಡಿದಾಗ ನಡುಗಲಿಲ್ಲ. ಮುಗಿದ ಮೇಲೆ ಮತ್ತೆ ಆಕಾಶಕ್ಕೆ ಹಿಡಿದು ನೋಡಿದೆವು. ಒಂದು ಚುಕ್ಕೆಯೂ ಇರಲಿಲ್ಲ.

ಆ ಶನಿವಾರ ಬೆಳಗಿನ ತರಗತಿ ಮುಗಿಸಿ ನಾನು ಕಾರಿನಲ್ಲಿ ಹಗರೆಯ ಕಡೆ ಹೋದೆ. ಮುಖ್ಯ ರಸ್ತೆಯಿಂದ ಒಳಗೆ, ಒಂದು ಸಣ್ಣ ಕೆರೆಯ ಏರಿಯ ಕೆಳಗೆ, ದೊಡ್ಡ ಆಲದ ಮರದಡಿ ಮೂರು ವೀರಗಲ್ಲುಗಳಿವೆ. ದೂರದಿಂದ, ಮರವೂ ಆಕಾಶವೂ ಸೇರುವಂತೆ ಎರಡು ಚಿತ್ರ ತೆಗೆದೆ. ಊಟದ ಹೊತ್ತು ಮೀರಿತ್ತು, ಹಸಿವಾಗಿತ್ತು, ಹತ್ತಿರ ಹೋಗದೆ ಹೊರಟುಬಿಟ್ಟೆ. ಮನೆಗೆ ಬಂದು ಮೊದಲ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಆಕಾಶದ ತುಂಬ ಕರಿ ಚುಕ್ಕೆಗಳು. ಎರಡನೆಯದನ್ನು ತೆರೆಯಲಿಲ್ಲ. ಮಾಮನಿಗೆ ಫೋನ್ ಮಾಡಿದೆ.

"ಮಾಮ, ವಿಭೂತಿ ಇನ್ನೂ ಹೋಗಿಲ್ಲ."

"ನಾನು ನೋಡಿದ್ದೆನಲ್ಲಮ್ಮ," ಎಂದರು.

"ಜಾಸ್ತಿಯಾಗಿದೆ ಮಾಮ. ಮೊದಲಿಗಿಂತ ಜಾಸ್ತಿ."

"ನಾಳೆ ಆ ಜಾಗಕ್ಕೇ ಬತ್ತೀನಿ. ಅದೇ ಆಕಾಶಕ್ಕೆ ಹಿಡಿದು ನೋಡನ."

ಅಷ್ಟು ದೂರ ಬರುವ ಅಗತ್ಯ ಇರಲಿಲ್ಲ. ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆ ಕೂರಿಸುವ ಬಿಳಿ ಗೋಡೆಯೇ ಸಾಕಿತ್ತು. ಅವರ ಕೈಯ ಮೇಲೆ ನಾನು ಅನುಮಾನ ಪಟ್ಟಿದ್ದೆ. ಅದಕ್ಕೇ ಬಂದರು ಎಂದು ಈಗ ಅನ್ನಿಸುತ್ತದೆ.

ಭಾನುವಾರ ಬೆಳಿಗ್ಗೆ ಕಾರನ್ನು ಏರಿಯ ಮೇಲೆ ನಿಲ್ಲಿಸಿ ಇಬ್ಬರೂ ಇಳಿದೆವು. ಗುಂಯ್ ಎಂಬ ಸದ್ದು ನನಗೆ ಕೇಳಿಸಿತು. ಯಾರದೋ ತೋಟದ ಪಂಪ್‌ಸೆಟ್ ಇರಬೇಕು ಎಂದುಕೊಂಡೆ. ಮಾಮನಿಗೆ ಕಿವಿ ಸ್ವಲ್ಪ ಮಂದ. ಅವರು ಕ್ಯಾಮೆರಾ ಹಿಡಿದು ಮರದ ಅಂಚಿಗೆ ಹೋಗಿ ನಿಂತು, "ಬ್ಲೋವರ್ ಮರ್ತೆ, ತಗಂಬಾ ಹೋಗು," ಎಂದರು. ನಾನು ಕಾರಿಗೆ ವಾಪಸ್ಸು ಬಂದೆ. ತಿರುಗಿ ನೋಡಿದಾಗ ಅವರು ಕ್ಯಾಮೆರಾವನ್ನು ತಲೆಯ ಮೇಲಕ್ಕೆ ಎತ್ತಿ, ಹೇಳಿಕೊಟ್ಟಿದ್ದ ಹಾಗೆಯೇ, ಗರಗರ ತಿರುಗಿಸುತ್ತಿದ್ದರು.

ಆಮೇಲೆ ಅವರ ಬಿಳಿ ಅಂಗಿಯ ಬೆನ್ನು ಕಪ್ಪಾಯಿತು.

ಹೆಜ್ಜೇನು. ನಾನು ಕಾರಿನೊಳಗೆ ಕೂತು ಬಾಗಿಲೆಳೆದುಕೊಂಡೆ, ಗಾಜು ಏರಿಸಿದೆ. ಇದನ್ನು ಇದುವರೆಗೆ ಯಾರೂ ನನ್ನನ್ನು ಕೇಳಿಲ್ಲ, ನಾನೂ ಹೇಳಿಲ್ಲ. ಮುಂದಿನ ಗಾಜಿಗೆ ಒಂದೊಂದಾಗಿ ಬಂದು ಬಡಿಯುತ್ತಿದ್ದವು. ಅವುಗಳ ಆಚೆ ಮಾಮ ಎರಡು ಕೈಯಿಂದ ಮುಖ ಮುಚ್ಚಿಕೊಂಡು ಸುತ್ತುತ್ತಿದ್ದರು. ಕಾರು ಯಾವ ಕಡೆ ಇದೆಯೆಂದು ಅವರಿಗೆ ತಿಳಿಯುತ್ತಿರಲಿಲ್ಲ. ನಾನು ಹಾರ್ನ್ ಒತ್ತಿ ಹಿಡಿದೆ. ದಾರಿ ತೋರಿಸಲೆಂದೋ, ಯಾರಾದರೂ ಬರಲೆಂದೋ, ಸುಮ್ಮನೆ ಭಯಕ್ಕೋ, ನಿಜವಾಗಿ ಗೊತ್ತಿಲ್ಲ. ಮಾಮ ಮಂಡಿಯೂರಿ ಕುಸಿದರು.

ಏರಿಯ ಆಚೆ ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬಳು ತಲೆತುಂಬ ಕಂಬಳಿ ಹೊದ್ದು ಓಡಿಬಂದಳು. ಮಾಮನನ್ನೂ ಅದೇ ಕಂಬಳಿಯೊಳಗೆ ಸೇರಿಸಿಕೊಂಡು ಎಳೆದುಕೊಂಡು ಬಂದು ಕಾರಿನ ಬಾಗಿಲು ಗುದ್ದಿದಳು. "ಬಾಗ್ಲು ತೆಗಿಯವ್ವ! ತೆಗಿ ಅಂದ್ರೆ!"

ಎರಡನೇ ಸಲ ಅವಳು ಕೂಗಿದ ಮೇಲೆ ನಾನು ತೆಗೆದೆ.

ಹಳೇಬೀಡಿನ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವಳು ಹಿಂದಿನ ಸೀಟಿನಲ್ಲಿ ಮಾಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಉಗುರಿನಿಂದ ಮುಳ್ಳು ಕೆರೆದು ತೆಗೆಯುತ್ತ ನನ್ನನ್ನು ಬೈದಳು. ಅವಳ ಕೈಗಳೂ ಊದಿಕೊಂಡಿದ್ದವು. "ಎಲ್ಡು ದಿನದಿಂದ ಗಿಡುಗ ಬಂದು ಗೂಡು ಕೀಳ್ತಾ ಐತೆ. ನಿನ್ನೆಯಿಂದ ಆಕಾಶದ ತುಂಬ ಹಾರಾಡ್ತಾ ಅವೆ. ನಮ್ಮ ಕುರಿಗೇ ಗೊತ್ತಾಗಿ ಆ ಕಡೆ ಹೋಗ್ಲಿಲ್ಲ. ಫೋಟೋ ತೆಗೆಯೋರ್ಗೆ ಕಣ್ಣು ಕಾಣಕ್ಕಿಲ್ವಾ?"

ಹಳೇಬೀಡಿನಿಂದ ಹಾಸನಕ್ಕೆ ಕಳಿಸಿದರು. ಮೂರು ದಿನ ಮಾಮನಿಗೆ ಮಾತಿರಲಿಲ್ಲ, ಮುಖದಲ್ಲಿ ಕಣ್ಣೆಲ್ಲಿದೆಯೆಂದು ತಿಳಿಯುತ್ತಿರಲಿಲ್ಲ. ನಾಲ್ಕನೆಯ ದಿನ ಕಣ್ಣು ಸ್ವಲ್ಪ ತೆರೆದು, "ಕ್ಯಾಮೆರಾ?" ಎಂದರು. ಬಿದ್ದ ಕ್ಯಾಮೆರಾವನ್ನು ಆ ಹೆಂಗಸು ಸಂಜೆ ಹೊತ್ತಿಗೆ ಹೋಗಿ ತಂದು, ಆಸ್ಪತ್ರೆಯಲ್ಲಿ ನಾನು ಬರೆದುಕೊಟ್ಟಿದ್ದ ನಂಬರಿಗೆ ಫೋನ್ ಮಾಡಿಸಿದ್ದಳು. ನಾನು ಅದನ್ನು ತಂದು ಬೀರುವಿನಲ್ಲಿಟ್ಟು, ಒಳಗಿದ್ದ ಕಾರ್ಡನ್ನು ಮಾತ್ರ ತೆಗೆದು ಕಂಪ್ಯೂಟರಿಗೆ ಹಾಕಿದ್ದೆ.

ಶನಿವಾರದ ಎರಡನೆಯ ಚಿತ್ರವನ್ನು ನಾನು ನೋಡಿದ್ದು ಕಾರ್ಡ್ ಹಾಕಿದ ಆ ದಿನ. ಮೊದಲನೆಯದು, ಎರಡನೆಯದು, ಮತ್ತೆ ಮೊದಲನೆಯದು. ಚುಕ್ಕೆಗಳೆಲ್ಲ ಜಾಗ ಬದಲಿಸಿದ್ದವು. ಒಂದೂ ಇದ್ದಲ್ಲಿ ಇರಲಿಲ್ಲ. ಒಂದು ಗುಂಡಿ ಒತ್ತಿದ್ದರೆ ಶನಿವಾರವೇ ತಿಳಿಯುತ್ತಿತ್ತು. ಮೂರನೆಯದು ಮಾಮ ತಿರುಗಿಸುತ್ತ ತೆಗೆದದ್ದು: ಜೇನು, ಎಲೆ, ಮೋಡ ಎಲ್ಲ ಕಲಸಿಹೋಗಿ ಬರೀ ಬೂದು. ಅದರಲ್ಲಿ ಒಂದು ಚುಕ್ಕೆಯೂ ಇಲ್ಲ. ಸೆನ್ಸರ್ ತೊಳೆದಿಟ್ಟ ಹಾಗಿತ್ತು.

ಮಾಮ ಅರಸೀಕೆರೆಗೆ ಮರಳಿ ತಿಂಗಳಾದ ಮೇಲೆ ನೋಡಲು ಹೋದೆ. ಬೇಲೂರಿನ ಅದೇ ಫೋಟೋಗ್ರಾಫರ್ ಕ್ಯಾಮೆರಾ ಹಿಡಿದು ಕೂತಿದ್ದ. ಮಾಮ ಅದನ್ನು ಮುಟ್ಟಲಿಲ್ಲ. "ನನ್ನ ಕೈಲಿ ಆಗಕ್ಕಿಲ್ಲ ಕಣಪ್ಪ. ಕಣ್ಣು ಹೋಯ್ತು. ಈ ಕೂಸಿನ ಕ್ಯಾಮೆರಾ ಒರ್ಸಿ, ಒಳಗೆ ವಿಭೂತಿ ಉಳಿಸ್ಬಿಟ್ಟಿದ್ದೆ. ಅದ್ರಿಂದಲೇ ಇಷ್ಟೆಲ್ಲಾ ಆಗಿದ್ದು. ಹಾಸನಕ್ಕೆ ತಗಂಡೋಗು."

"ಇದೇನ್ ಯಜಮಾನ್ರೆ, ನಿಮ್ಮನ್ನ ಬಿಟ್ಟು..."

"ಹೋಗಪ್ಪ ಅಂದೆ."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಅವರ ಕಡ್ಡಿ, ಬ್ಲೋವರ್, ದ್ರವದ ಸೀಸೆ ಎಲ್ಲ ಒಂದು ಬಿಸ್ಕತ್ತಿನ ಡಬ್ಬಿಗೆ ಸೇರಿ ಬೀರುವಿನ ಮೇಲೆ ಹೋಗಿದ್ದವು. ಅವರಿಗೆ ನಿಜ ಹೇಳಬೇಕೆಂದರೆ ನನ್ನ ಫೋನಿನ ಮಾತಿನಿಂದ ಹಿಡಿದು ಹೇಳಬೇಕಾಗಿತ್ತು. ಇನ್ನೆರಡು ಸಲ ಹೋಗಿಬಂದೆ, ಹಣ್ಣು ಕೊಟ್ಟೆ, ಹೇಳಲಿಲ್ಲ. ನಾಲ್ಕನೇ ಸಲ ಲ್ಯಾಪ್‌ಟಾಪ್ ಹಿಡಿದುಕೊಂಡೇ ಹೋದೆ. ಬೀರುವಿನಲ್ಲಿದ್ದ ಕ್ಯಾಮೆರಾವನ್ನೂ ಬ್ಯಾಗಿಗೆ ಹಾಕಿಕೊಂಡಿದ್ದೆ.

ಮೊದಲ ಎರಡು ಚಿತ್ರಗಳನ್ನು ಒಂದರ ಹಿಂದೆ ಒಂದು ತೋರಿಸಿದೆ. ಮಾಮ ಕನ್ನಡಕ ಏರಿಸಿ, ತಾವೇ ಗುಂಡಿ ಒತ್ತಿ ಒತ್ತಿ ನೋಡಿದರು.

"ಓಡಾಡ್ತವೆ," ಎಂದರು.

"ಜೇನು ಮಾಮ. ಶನಿವಾರವೇ ಎದ್ದಿದ್ವು. ನಾನು ಒಂದೇ ನೋಡಿ ನಿಮಗೆ ಫೋನ್ ಮಾಡಿದೆ."

ನಾನು ಮೂರನೆಯದನ್ನು ತೆರೆದೆ. ಮಾಮ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ, ಮೇಲಿನ ಎಡ ಮೂಲೆಯಿಂದ ಶುರು ಮಾಡಿ ಸಾಲು ಸಾಲಾಗಿ ನೋಡಿದರು.

"ಇದು ನಾನು ತೆಗೆದಿದ್ದಾ?"

"ಹೂಂ."

"ಒಂದು ಚುಕ್ಕಿನೂ ಇಲ್ಲ."

"ಇಲ್ಲ ಮಾಮ."

"ಇದನ್ನ ಇಷ್ಟು ದಿನ ನಿನ್ನ ಹತ್ರ ಇಟ್ಕಂಡಿದ್ಯೇನೇ?"

ಕಾರಿನ ಗಾಜಿನ ವಿಷಯವನ್ನೂ ಹೇಳಿಬಿಡಬೇಕೆಂದು, "ಆವತ್ತು ಕಾರಿನಲ್ಲಿ ಮಾಮ..." ಎಂದು ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು. "ಗಾಜು ಏರಿಸ್ದೇ ಇದ್ದಿದ್ರೆ ಇಬ್ರನ್ನೂ ಎತ್ತಬೇಕಾಗಿತ್ತು ಆ ಯಮ್ಮ," ಎಂದರು. ಅಂದರೆ ಅವರಿಗೆ ಗೊತ್ತಿತ್ತು. ಅದು ಕ್ಷಮೆಯೋ ಅಲ್ಲವೋ ನನಗೆ ತಿಳಿಯಲಿಲ್ಲ, ಏಕೆಂದರೆ ಅವರು ನನ್ನ ಮುಖ ನೋಡದೆ ಬ್ಯಾಗಿನ ಕಡೆ ನೋಡುತ್ತಿದ್ದರು.

"ಕ್ಯಾಮೆರಾ ತಂದಿದ್ದೀಯಾ? ಬಾಗ್ಲು ಹಾಕು. ಫ್ಯಾನ್ ನಿಲ್ಸು."

ಡಬ್ಬಿ ಕೆಳಗಿಳಿಯಿತು. ನಾನು ಟಾರ್ಚ್ ಹಿಡಿದೆ. ಕಡ್ಡಿ ಹಿಡಿದ ಕೈ ಈ ಸಲ ನಡುಗಿತು. ಮಾಮ ಕೈ ಹಿಂದಕ್ಕೆ ತೆಗೆದು, ಉಸಿರು ಬಿಟ್ಟು, ಸ್ವಲ್ಪ ಕಾದು, ಮತ್ತೆ ಇಟ್ಟರು. ಒಂದು ಎಳೆತ.

ಚುಕ್ಕೆ ಉಳಿದಿದೆಯೇ ಎಂದು ನೋಡಲು ಕ್ಯಾಮೆರಾ ಹಿಡಿದು ಬೀದಿಗೆ ಹೋಗಬೇಕಿತ್ತು. ನಾನು ಬಾಗಿಲ ಹತ್ತಿರ ಹೋಗಿ ನಿಂತುಬಿಟ್ಟೆ. ಆ ಭಾನುವಾರದಿಂದ ನಾನು ಆಕಾಶಕ್ಕೆ ಕ್ಯಾಮೆರಾ ಎತ್ತಿರಲಿಲ್ಲ. ಮಾಮ ಅದನ್ನು ಕಂಡು, "ಪಾಸ್‌ಪೋರ್ಟ್ ಗೋಡೆನೇ ಸಾಕು," ಎಂದರು. "ಎರಡು ತೆಗಿ."

ಎರಡು ತೆಗೆದೆ. ಎರಡನ್ನೂ ನೋಡಿದೆ. ಮೇಲಿನ ಬಲ ಮೂಲೆಯಲ್ಲಿ ಒಂದು ಚುಕ್ಕೆ ಇತ್ತು. ಎರಡರಲ್ಲೂ ಅಲ್ಲೇ ಇತ್ತು. ಮತ್ತೆ ಮತ್ತೆ ಒತ್ತಿ ನೋಡಿದೆ, ಅದು ಕದಲಲಿಲ್ಲ.

"ದೂಳು ಕಣೇ," ಎಂದರು ಮಾಮ, ಇನ್ನೊಂದು ಕಡ್ಡಿ ತೆಗೆಯುತ್ತ. "ಇದು ದೂಳೇ. ಗಾಜಿನ ಮೇಲೆ ಚಿತ್ರ ತಲೆಕೆಳಗಾಗಿ ಬೀಳ್ತದೆ, ಮೇಲೆ ಕಂಡ್ರೆ ಒಳಗೆ ಕೆಳಗಿರ್ತದೆ. ಟಾರ್ಚು ಸ್ವಲ್ಪ ಕೆಳಕ್ಕೆ ಹಿಡಿ."