‘ಇಲ್ಲ’ ಎಂದ ಪರದೆ

ಮೊನ್ನೆ ಬ್ಯಾಡಗಿ ಬಸ್ ನಿಲ್ದಾಣದಲ್ಲಿ ಯಾರೋ ಒಣಮೆಣಸಿನಕಾಯಿ ಚೀಲವನ್ನು ಬಸ್ಸಿಗೆ ಹತ್ತಿಸಿದರು. ಘಾಟಿಗೆ ಎಲ್ಲರೂ ಸೀನಿದರು. ನನಗೆ ಅಕ್ಕೋರು ನೆನಪಾದರು.

ಮೊದಲು ಅವರು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದರು; ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ಹಾಗಾಗಿ ರಾಣೆಬೆನ್ನೂರಿನ ನಮ್ಮ ಸಣ್ಣ ಸಾಫ್ಟ್‌ವೇರ್ ಆಫೀಸಿಗೆ ಬಂದ ಮೇಲೂ ಎಲ್ಲರಿಗೂ ಅಕ್ಕೋರೇ. ದಿನಾ ಬ್ಯಾಡಗಿಯಿಂದ ಬರುತ್ತಿದ್ದರು. ಮೆಣಸಿನಕಾಯಿ ಸುಗ್ಗಿಯಲ್ಲಿ ಅವರ ಸೆರಗಿಗೂ ಇದೇ ಘಾಟು... ನಾವು ಪ್ರೋಗ್ರಾಂ ಬರೆಯುವವರು, ಅವರು ಪರೀಕ್ಷಿಸುವವರು.

ಆ ವರ್ಷ ಹಾವೇರಿಯ ಒಂದು ಬ್ಲಡ್ ಬ್ಯಾಂಕಿಗೆ ಸಾಫ್ಟ್‌ವೇರ್ ಮಾಡಿದ್ದೆವು. ಯಾವ ಗುಂಪಿನ ರಕ್ತ ಎಷ್ಟಿದೆ ಎಂದು ಪರದೆ ಹೇಳಬೇಕು. ಕೊಡುವ ಹಿಂದಿನ ದಿನ ಅಕ್ಕೋರು ಬೇಕೆಂದೇ ರಕ್ತದ ಲೆಕ್ಕವಿರುವ ಡೇಟಾಬೇಸ್‌ನ ಸಂಪರ್ಕ ಕಡಿದು ನೋಡಿದರು. ಪರದೆಯ ಮೇಲೆ ‘ರಕ್ತ ಇಲ್ಲ’ ಎಂದು ಬಂತು. ತಪ್ಪುಗಳು ದಾಖಲಾಗುವ ಲಾಗ್ ತೆರೆದರೆ, ಒಂದು ಸಾಲೂ ಇರಲಿಲ್ಲ.

“ಸಂಪರ್ಕ ಇಲ್ಲಂದ್ರ ರಕ್ತಾನೂ ಇಲ್ಲಂತ ಹೆಂಗ ಹೇಳತೈತವ್ವಾ ಇದು?” ಎಂದು ನನ್ನನ್ನು ಕೇಳಿದರು.

“ನಾಳೆ ಕೊಟ್ಟುಬಿಡೂಣ್ರಿ ಅಕ್ಕೋರ. ಆಮ್ಯಾಲ ಸರಿ ಮಾಡಿದ್ರಾತು,” ಎಂದರು ನಮ್ಮ ಮಾಲೀಕರು.

“ನನ್ನ ತಂಗಿ ಹೆರಿಗಿ ಹೊತ್ತಿನ್ಯಾಗೂ ಹಿಂಗ ‘ಇಲ್ಲ’ ಅಂದಿದ್ರು ಸರ್. ಹುಬ್ಬಳ್ಳಿಗೆ ಓಡಿದ್ವಿ. ಆಮ್ಯಾಲ ಗೊತ್ತಾತು, ಇಲ್ಲೇ ಇತ್ತಂತ. ಯಾರೂ ತಗದು ನೋಡಿರಲಿಲ್ಲ...”

ಅಕ್ಕೋರು ಪರದೆಯನ್ನು ಮಾಲೀಕರ ಕಡೆ ತಿರುಗಿಸಿದರು. ಮಾಲೀಕರು ತಾವೇ ಹಾವೇರಿಗೆ ಫೋನ್ ಹಚ್ಚಿ ಇನ್ನೊಂದು ವಾರ ಕೇಳಿದರು.

ಅಕ್ಕೋರು ಸಂಪರ್ಕ ಕಡಿಯುವುದು, ನಾವು ತಿದ್ದುವುದು, ವಾರವೆಲ್ಲ ಇದೇ ಕೆಲಸ. ಕೊನೆಗೆ ಸಂಪರ್ಕ ಕಡಿದ ಹೊತ್ತು, ಕಾರಣ ಎರಡೂ ಲಾಗ್‌ನಲ್ಲಿ ಬೀಳತೊಡಗಿದವು. ಪರದೆಯ ಮೇಲಿನ ಮಾತನ್ನು ಅಕ್ಕೋರೇ ಬರೆದರು: ‘ಈಗ ಹೇಳಲು ಆಗುತ್ತಿಲ್ಲ. ದಯವಿಟ್ಟು ಫ್ರಿಜ್ ತೆರೆದು ನೋಡಿ.’

ಮಳೆಗಾಲದ ಒಂದು ಮಧ್ಯಾಹ್ನ ಹಾವೇರಿಯಲ್ಲಿ ರಸ್ತೆ ಅಗೆಯುವಾಗ ಇಂಟರ್‌ನೆಟ್ ಕೇಬಲ್ ತುಂಡಾಯಿತು. ಸಂಜೆ ಬ್ಲಡ್ ಬ್ಯಾಂಕಿನವರ ಫೋನ್ ಬಂತು. “ನೀವು ಬರದದ್ದು ಓದಿ ಫ್ರಿಜ್ ತಗದ್ವಿರಿ. ಒಳಗ ಇತ್ತು. ಬಾಣಂತಿ ಉಳದ್ಲು.”

ನಾನು ಹೇಳಿದ್ದನ್ನು ಕೇಳಿ ಅಕ್ಕೋರು “ಕೂಸು ಏನಂತ? ಕೇಳಲಿಲ್ಲೇನ?” ಎಂದರು. ಮತ್ತೆ ಫೋನ್ ಹಚ್ಚಿದೆ. ಹೆಣ್ಣು ಎಂದು ತಿಳಿದಾಗ ಅವರು ನಕ್ಕ ನಗು... ಅಂಥ ನಗುವನ್ನು ಅವರ ಮುಖದಲ್ಲಿ ಅದೊಂದೇ ಸಲ ಕಂಡೆ.

ಅಕ್ಕೋರು ತೀರಿಕೊಂಡು ಕೆಲವು ವರ್ಷಗಳಾದವು. ಪರೀಕ್ಷೆಯ ಕೆಲಸ ಈಗ ನನ್ನದು. ಸಂಪರ್ಕ ಕಡಿದು ನೋಡಿ, ಎಲ್ಲ ಸರಿಯಿದ್ದರೂ, ಪಕ್ಕದಿಂದ ಅವರು “ಇನ್ನೊಮ್ಮೆ ಮಾಡವ್ವಾ” ಎಂದಾರು ಎಂದು ಒಂದು ಕ್ಷಣ ಕಾಯುತ್ತೇನೆ. ಯಾರೂ ಅನ್ನುವುದಿಲ್ಲ. ನಾನೇ ಇನ್ನೊಮ್ಮೆ ಮಾಡುತ್ತೇನೆ.