ಬಿಸಿಲಿಗೆ ಕೂತ ಚಳಿಗಾಲ

ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಒಂದು ಚಳಿಗಾಲ ನಾನು ಹಾಸಿಗೆಯಿಂದ ಏಳುವುದನ್ನು ನಿಲ್ಲಿಸಿದೆ. ಯಾಕೆ ಅಂತ ಆಗ ಎಲ್ಲರೂ ಕೇಳಿದರು, ಈಗಲೂ ಕೆಲವರು ಕೇಳುತ್ತಾರೆ. ಪ್ರೇಮ ಮುರಿದುಬಿದ್ದಿರಲಿಲ್ಲ, ಪರೀಕ್ಷೆಯಲ್ಲಿ ಫೇಲಾಗಿರಲಿಲ್ಲ, ಮನೆಯಲ್ಲಿ ಯಾರೂ ಬೈದಿರಲಿಲ್ಲ. ಹೀಗಂದರೆ ಕೇಳಿದವರಿಗೆ ಸ್ವಲ್ಪ ನಿರಾಸೆಯಾಗುತ್ತಿತ್ತು.

ಸಿದ್ಧಾರ್ಥನಗರದ ನಮ್ಮ ಮನೆಯಲ್ಲಿ ಆಗ ಅಪ್ಪ, ಅಮ್ಮ, ನಾನು ಮತ್ತು ಅಪ್ಪನ ತಾಯಿ. ಅಪ್ಪ ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅಮ್ಮ ಪ್ರೈಮರಿ ಶಾಲೆಯ ಟೀಚರ್. ತಾತ ತೀರಿಹೋದ ಮೇಲೆ ಅಜ್ಜಿ ನರಸೀಪುರದ ಕಡೆಯ ಊರಿಂದ ಬಂದು ನಮ್ಮ ಜೊತೆಗಿದ್ದಳು. ಹೊಲ ನೋಡಿಕೊಂಡ ರೂಢಿಗೆ ಇಲ್ಲಿ ನಮ್ಮನ್ನು ನೋಡಿಕೊಳ್ಳುತ್ತಿದ್ದಳು.

ಶುರುವಾದದ್ದು ಕಾರ್ತಿಕ ಮುಗಿಯುವ ಹೊತ್ತಿಗೆ. ಬೆಳಗ್ಗೆ ಮಂಜು ಕವಿದು ಕಿಟಕಿಯಾಚೆ ಏನೂ ಕಾಣುತ್ತಿರಲಿಲ್ಲ. ಇನ್ನೂ ಬೆಳಗಾಗಿಲ್ಲ ಅಂದುಕೊಂಡು ಮಲಗಿದೆ. ಮಂಜು ಕರಗಿದ ಮೇಲೂ ಮಲಗಿದೆ. ಮೊದಲು ಬೆಳಗಿನ ಕ್ಲಾಸು ಹೋಯಿತು, ಆಮೇಲೆ ಲ್ಯಾಬ್ ಹೋಯಿತು, ಆಮೇಲೆ ಸ್ನಾನ. ತಲೆ ಬಾಚಿಕೊಳ್ಳುವುದು ಅಂದರೆ ಬೆಟ್ಟ ಹತ್ತುವುದಕ್ಕಿಂತ ದೊಡ್ಡ ಕೆಲಸ ಅನ್ನಿಸತೊಡಗಿತು. ದುಃಖವಾಗಿದ್ದರೆ ಹೇಳಿಕೊಳ್ಳಲು ಅನುಕೂಲವಿರುತ್ತಿತ್ತು. ನನಗೆ ಏನೂ ಆಗುತ್ತಿರಲಿಲ್ಲ. ಊಟದ ರುಚಿ, ಗೆಳತಿಯರ ಮೆಸೇಜು, ಹೊಸ ಸ್ವೆಟರು, ಎಲ್ಲವೂ ಯಾರೋ ಬೇರೆಯವರ ಮನೆಗೆ ಬಂದ ಪೋಸ್ಟಿನ ಹಾಗಿದ್ದವು.

ಮನೆಯಲ್ಲಿ ಒಬ್ಬೊಬ್ಬರದೂ ಒಂದೊಂದು ಸಿದ್ಧಾಂತ. ಅಮ್ಮನ ಪ್ರಕಾರ ಮೊಬೈಲು. ಮೊಬೈಲನ್ನು ಕಿತ್ತುಕೊಂಡಳು. ನಾನು ಕೇಳಲೇ ಇಲ್ಲವಾದ್ದರಿಂದ ಹೆದರಿ ವಾಪಸು ಕೊಟ್ಟಳು. ಅಪ್ಪನ ಪ್ರಕಾರ ರಕ್ತ ಕಡಿಮೆ. ದಾಳಿಂಬೆ ತಂದರು. ಅಜ್ಜಿ ದೃಷ್ಟಿ ಅಂದಳು. ಒಂದು ಸಂಜೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ನನಗೆ ನಿವಾಳಿಸಿ ಒಲೆಗೆ ಹಾಕಿದಳು. ಮನೆಯಲ್ಲಿ ಎಲ್ಲರಿಗೂ ಕೆಮ್ಮು ಹತ್ತಿತು. ಅಪ್ಪ ಕಣ್ಣೊರೆಸಿಕೊಳ್ಳುತ್ತ ಕಿಟಕಿ ತೆಗೆದರು.

ಅಜ್ಜಿ ಕೆಮ್ಮಿ ಮುಗಿಸಿ ಹೇಳಿದಳು: "ಘಾಟು ಬಂತಲ್ಲ. ದೃಷ್ಟಿಯಾಗಿದ್ರೆ ಘಾಟೇ ಬತ್ತಿರ್ನಿಲ್ಲ. ಇದು ನನ್ ಕೈಲಾಗೋದಲ್ಲ ಕಣಪ್ಪ. ಡಾಕ್ಟ್ರತ್ರ ಕರ್ಕೊಂಡೋಗು."

ನನ್ನ ವಿಷಯದಲ್ಲಿ ಸರಿಯಾದ ಮಾತು ಮೊದಲು ಬಂದದ್ದು ಹೀಗೆ, ಮೆಣಸಿನಕಾಯಿಯ ಹೊಗೆಯಿಂದ.

ಮಾಮೂಲಿ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಸರಿಯಿತ್ತು, ರಕ್ತ ಸರಿಯಿತ್ತು. ಎಲ್ಲ ಸರಿಯಿದೆ ಅಂತ ಓದಿದಾಗ ಅಪ್ಪನ ಮುಖ ಇನ್ನಷ್ಟು ಸಣ್ಣದಾಯಿತು. ಡಾಕ್ಟರು ಮನೋರೋಗ ವಿಭಾಗಕ್ಕೆ ಬರೆದುಕೊಟ್ಟರು. ಅಪ್ಪ ಸ್ಕೂಟರನ್ನು ಆಸ್ಪತ್ರೆಯ ಮುಂದೆ ನಿಲ್ಲಿಸದೆ ಆಚೆ ಬೀದಿಯ ಬೇಕರಿ ಮುಂದೆ ನಿಲ್ಲಿಸಿದರು. ಕಾರಿಡಾರಿನಲ್ಲೂ ಹೆಲ್ಮೆಟ್ ತೆಗೆಯಲಿಲ್ಲ. ಕಾಯುತ್ತ ಕೂತವರಲ್ಲಿ ಹೆಲ್ಮೆಟ್ ಹಾಕಿದ್ದವರು ಅವರೊಬ್ಬರೇ ಆದ್ದರಿಂದ ಎಲ್ಲರೂ ಅವರನ್ನೇ ನೋಡುತ್ತಿದ್ದರು. ಪೇಶೆಂಟು ಅವರೇ ಅಂದುಕೊಂಡು ನರ್ಸು ಅವರನ್ನೇ ಮೊದಲು ಕರೆದಳು.

ಡಾಕ್ಟರು ಅಮ್ಮನ ವಯಸ್ಸಿನ ಹೆಂಗಸು. ಅಪ್ಪನನ್ನು ಹೊರಗೆ ಕೂರಿಸಿ ನನ್ನನ್ನು ನಿದ್ದೆ, ಊಟ, ಕಾಲೇಜು ಎಲ್ಲ ಕೇಳಿದರು. ಆಮೇಲೆ ಅದೇ ದನಿಯಲ್ಲಿ, "ಸಾಯ್ಬೇಕು ಅಂತ ಯೋಚನೆ ಬಂದಿತ್ತೇನಮ್ಮ?" ಅಂದರು.

"ಸಾಯೋಕೂ ಎದ್ದು ಹೋಗ್ಬೇಕಲ್ಲ ಮೇಡಂ."

ನಾನು ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ. "ಇದನ್ನ ನಾನು ತಮಾಷೆ ಅಂತ ತಗೊಳ್ಳಲ್ಲ ಕಣಮ್ಮ," ಅಂದು ಪೆನ್ನು ಕೆಳಗಿಟ್ಟರು. ಆಗ ನನಗೆ ಅಳು ಬಂತು. ಎಷ್ಟೋ ವಾರಗಳ ಮೇಲೆ ಬಂದ ಅಳು. ಅವರು ಅವಸರ ಮಾಡಲಿಲ್ಲ. ಯೋಚನೆ ಬಂದಿತ್ತು, ಬಂದು ಹೋಗುತ್ತಿತ್ತು ಅಂತ ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವರ ಹತ್ತಿರವೇ. ಹೇಳಿದ ಮೇಲೆ ಕೋಣೆಯಲ್ಲಿ ಫ್ಯಾನು ಮೊದಲಿನ ಹಾಗೇ ತಿರುಗುತ್ತಿತ್ತು. ಅದು ನನಗೆ ಆಶ್ಚರ್ಯವಾಯಿತು.

ನನ್ನನ್ನು ಕೇಳಿ, ನಾನು ಹ್ಞೂಂ ಅಂದ ಮೇಲೆ, ಅಪ್ಪನನ್ನು ಒಳಗೆ ಕರೆದರು. ಇದು ಖಿನ್ನತೆ, ಕಾಯಿಲೆ, ಸೋಮಾರಿತನವಲ್ಲ, ಮಾತ್ರೆ ಕೆಲಸ ಮಾಡಲು ಸಮಯ ಬೇಕು, ಅಲ್ಲಿವರೆಗೆ ಒಬ್ಬಳನ್ನೇ ಬಿಡಬೇಡಿ ಅಂದರು. ಸಾಯುವ ಮಾತನ್ನೂ ಮುಚ್ಚಿಡಲಿಲ್ಲ. ಅಪ್ಪ ಖಿನ್ನತೆ ಅನ್ನುವ ಪದವನ್ನು ಬಾಯೊಳಗೇ ಒಮ್ಮೆ ಹೇಳಿ ನೋಡಿದರು. ದಿನಾ ಸ್ನಾನ, ಹೊತ್ತಿಗೆ ಸರಿಯಾಗಿ ಊಟ, ಬೆಳಗಿನ ಬಿಸಿಲು, ಕೈಗೆ ಒಂದು ಸಣ್ಣ ಕೆಲಸ. ಬುದ್ಧಿ ಮಾತ್ರ ಹೇಳಬೇಡಿ ಅಂದರು ಡಾಕ್ಟರು.

"ಏನೂ ಹೇಳ್ಬಾರ್ದಾ ಮೇಡಂ?" ಅಪ್ಪ ಕೇಳಿದರು. ಕಾರ್ಖಾನೆಯಲ್ಲಿ ಅವರ ಕೆಲಸವೇ ಹೇಳುವುದು.

"ಏನಾದ್ರೂ ಹೇಳ್ಲೇಬೇಕು ಅನ್ಸಿದ್ರೆ ಹವಾಮಾನ ಹೇಳಿ."

ಅಪ್ಪ ಇದನ್ನು ಅಕ್ಷರಶಃ ಪಾಲಿಸಿದರು. ಮರುದಿನ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಊರಾಚೆಯ ಬೆಟ್ಟದ ಕಡೆ ನೋಡಿ ಬಂದು, ನನ್ನ ಬಾಗಿಲಲ್ಲಿ ನಿಂತು, "ಇವತ್ತು ಬೆಟ್ಟ ಕಾಣ್ತಿಲ್ಲ," ಅಂದು ಹೋದರು. ಅದರ ಮರುದಿನ, "ಇವತ್ತು ಅರ್ಧ ಕಾಣ್ತಿದೆ." ಹೇಗಿದ್ದೀಯಾ ಅಂತ ಒಂದು ಸಲವೂ ಕೇಳಲಿಲ್ಲ. ಎದ್ದಿರಲಿ, ಮಲಗಿರಲಿ, ಬೆಟ್ಟದ ಸಮಾಚಾರ ತಪ್ಪುತ್ತಿರಲಿಲ್ಲ.

ಬಿಸಿಲಿನ ಜವಾಬ್ದಾರಿಯನ್ನು ಅಜ್ಜಿ ವಹಿಸಿಕೊಂಡಳು. ಸಂಕ್ರಾಂತಿಗೆ ಎಳ್ಳುಬೆಲ್ಲ ಮಾಡಬೇಕಿತ್ತು. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಬಿಳಿ ಭಾಗವನ್ನು ಅಡಕತ್ತರಿಯಲ್ಲಿ ಸಣ್ಣದಾಗಿ ಹೆಚ್ಚಿ, ಅಚ್ಚು ಬೆಲ್ಲವನ್ನೂ ಹಾಗೇ ತುಂಡು ಮಾಡಿ ಬಿಸಿಲಿಗೆ ಹರಡಬೇಕು. ಆ ವರ್ಷ ಅಮ್ಮ ಪ್ಯಾಕೆಟ್ಟು ತರೋಣ ಅಂತಿದ್ದಳು. ಅಜ್ಜಿ ಬೇಡ ಅಂದಳು. ನನ್ನನ್ನು ಮಹಡಿಗೆ ಹತ್ತಿಸಿ ಚಾಪೆ ಹಾಸಿ ಕೂರಿಸಿದಳು.

"ಮಾಡೋಕಾಗಲ್ಲ ಅಜ್ಜಿ."

"ಮಾಡ್ಬೇಡ. ಕಾಗೆ ಬಂದ್ರೆ ಓಡ್ಸು, ಸಾಕು."

ಕಾಗೆ ಓಡಿಸುವುದು ನನ್ನ ಆಗಿನ ಶಕ್ತಿಗೆ ತಕ್ಕ ಕೆಲಸವಾಗಿತ್ತು. ಕಾಗೆಗಳಿಗೂ ಅದು ಗೊತ್ತಾಗಿ ಅರ್ಧ ಕೊಬ್ಬರಿ ಹೋಯಿತು. ಅಜ್ಜಿ ಇನ್ನಷ್ಟು ತಂದು ಹೆಚ್ಚಿದಳು. ಕೆಲವು ದಿನ ಕಳೆದ ಮೇಲೆ ಸುಮ್ಮನೆ ಕೂರುವ ಬೇಜಾರಿಗೆ ನಾನೂ ಅಡಕತ್ತರಿ ಹಿಡಿದೆ. ನಾನು ಹೆಚ್ಚಿದ ತುಂಡುಗಳನ್ನು ಅಜ್ಜಿ ಎತ್ತಿ ನೋಡಿ, "ಇದೇನು ದನಕ್ಕಾ?" ಅಂದಳು.

ಒಂದು ಬೆಳಗ್ಗೆ ಹೆಚ್ಚುತ್ತ ಹೆಚ್ಚುತ್ತ ಹೇಳಿದಳು: "ನಿಮ್ಮಪ್ಪ ಹುಟ್ಟಿದ ವರ್ಷ ನಂಗೂ ಇಂಗೇ ಆಗಿತ್ತು. ಚಳೀಲಿ ಒಲೆ ಮುಂದೆ ಕೂತವಳು ಮಾತೇ ಬುಟ್ಬುಟ್ಟಿದ್ದೆ. ಗಾಳಿ ಸೋಕ್ಬುಟ್ಟದೆ ಅಂದ್ರು. ನಮ್ಮತ್ತೆ ಮಾತ್ರ ಯಾರ ಮಾತೂ ಕೇಳ್ದೆ, ದಿನಾ ಮಡ್ಲಿಗೆ ಅವರೆಕಾಯಿ ಸುರಿದು ಪಕ್ದಲ್ಲೇ ಕೂತ್ಕೊಳೋರು."

"ಆಮೇಲೆ?"

"ಆಮೇಲೇನು, ಒಂದಿನ ಹಸಿವಾಯ್ತು." ಇನ್ನೊಂದು ಕೊಬ್ಬರಿ ಎತ್ತಿಕೊಂಡು, "ಅಲ್ಲೀಗಂಟ ಬಲೇ ಕಷ್ಟ ಆಯ್ತು ಕಣವ್ವ. ನಿಂಗೆ ಮಾತ್ರೆ ಅದೆ. ನುಂಗು," ಅಂದಳು.

ಅಪ್ಪನಿಗೆ ಈ ವಿಷಯ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ನಾನು ದಿಢೀರನೆ ಸರಿಹೋಗಲಿಲ್ಲ. ಎರಡು ದಿನ ಸ್ನಾನ ಮಾಡಿ ಮೂರನೇ ದಿನ ಮುಸುಕು ಹಾಕಿಕೊಳ್ಳುತ್ತಿದ್ದೆ. ಮಾತ್ರೆಯಿಂದ ಮೊದಮೊದಲು ಬಾಯಿ ಒಣಗಿ ಹೊಟ್ಟೆ ತೊಳಸಿತು. ಡಾಕ್ಟರಿಗೆ ಹೇಳಿದಾಗ ಪ್ರಮಾಣ ಬದಲಿಸಿದರು. ಆದರೆ ಧನುರ್ಮಾಸ ಮುಗಿಯುವ ಹೊತ್ತಿಗೆ ಒಂದು ದಿನ ಪಕ್ಕದ ಮನೆಯ ಒಗ್ಗರಣೆ ವಾಸನೆ ಮಹಡಿಗೆ ಬಂತು. ಹಿತಕಿದ ಬೇಳೆ ಸಾರು ಅಂತ ಗೊತ್ತಾಯಿತು. ನಮ್ಮನೇಲಿ ಯಾಕೆ ಮಾಡಿಲ್ಲ ಅಂತ ಕೋಪ ಬಂತು. ಕೋಪ ಬಂದದ್ದನ್ನು ಅಮ್ಮನಿಗೆ ಹೇಳಿದೆ. ಅವಳು ಶಾಲೆಯ ಬ್ಯಾಗನ್ನೂ ಇಡದೆ ಅವರೆಕಾಯಿ ತರಲು ಹೋದಳು.

ಸಂಕ್ರಾಂತಿಯ ದಿನ ಎಳ್ಳು ಬೀರಲು ಹೋಗುತ್ತೇನೆ ಅಂದೆ. ಆಗದಿದ್ದರೆ ಬೇಡ ಅಂದಳು ಅಮ್ಮ. ಎಳ್ಳುಬೆಲ್ಲ, ಕಬ್ಬಿನ ತುಂಡು, ಸಕ್ಕರೆ ಅಚ್ಚು ಇಟ್ಟ ತಟ್ಟೆ ಹಿಡಿದು ನಮ್ಮ ಬೀದಿಯಲ್ಲೇ ಹೊರಟೆ. ಹೋದ ಮನೆಯಲ್ಲೆಲ್ಲ ಎಷ್ಟು ಸಣ್ಣ ಆಗಿಬಿಟ್ಟಿದ್ದೀಯಾ ಅಂದರು. ಎದುರು ಮನೆಯ ಆಂಟಿ ಮಾತ್ರ ತಟ್ಟೆ ತೆಗೆದುಕೊಂಡು ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಇವರು ಮಗಳ ಮಾರ್ಕ್ಸು ಹೇಳದೆ ಯಾರನ್ನೂ ಮನೆಯಿಂದ ಕಳಿಸಿದವರಲ್ಲ.

"ನೀನು ಹೋಗೋ ಡಾಕ್ಟ್ರು ಹೆಂಗೆ? ಒಳ್ಳೇವ್ರಾ?"

ಅವರಿಗೆ ಹೇಗೆ ಗೊತ್ತು ಅಂತ ಕೇಳಿದೆ. ಅವರ ಯಜಮಾನರು ವಿಚಾರಿಸಿಕೊಂಡು ಬರಲು ಮಂಕಿ ಕ್ಯಾಪ್ ಹಾಕಿಕೊಂಡು ಅದೇ ಕಾರಿಡಾರಿಗೆ ಹೋಗಿದ್ದರಂತೆ. ಹೆಲ್ಮೆಟ್ ಹಾಕಿದ್ದ ಅಪ್ಪನನ್ನು ಕಂಡು ವಾಪಸು ಬಂದರಂತೆ. ಇಬ್ಬರೂ ಒಬ್ಬರನ್ನೊಬ್ಬರು ಗುರುತು ಹಿಡಿದು, ಮರುದಿನ ಬೀದಿಯಲ್ಲಿ ಸಿಕ್ಕಾಗ ಚಳಿಯ ಬಗ್ಗೆ ಮಾತಾಡಿಕೊಂಡಿದ್ದರು.

ಅವರ ಮಗಳು ಎರಡನೇ ಪಿಯುಸಿ. ನೀಟ್ ಕೋಚಿಂಗಿಗೆ ಹೋಗುತ್ತಿದ್ದವಳು ದೀಪಾವಳಿಯಿಂದ ಕೋಣೆ ಬಿಟ್ಟು ಬರುತ್ತಿಲ್ಲ, ಸರಿಯಾಗಿ ತಿನ್ನುತ್ತಿಲ್ಲ ಅಂದರು. "ಏನಾದ್ರೂ ಹೇಳಮ್ಮ ಅವಳಿಗೆ."

ನಾನು ಅವಳ ಬಾಗಿಲ ಹೊರಗೆ ನೆಲದ ಮೇಲೆ ಕೂತೆ. "ಎಳ್ಳು ತಂದಿದೀನಿ," ಅಂದೆ.

"ಬೇಡ ಅಕ್ಕ."

"ಸರಿ."

ಸ್ವಲ್ಪ ಹೊತ್ತಾದ ಮೇಲೆ ಒಳಗಿಂದ, "ಹೋಗ್ಲಿಲ್ವಾ?"

"ಇಲ್ಲ. ನಿಮ್ಮನೆ ನೆಲ ತುಂಬ ತಣ್ಣಗಿದೆ."

"ಅಮ್ಮ ಏನಾದ್ರೂ ಹೇಳು ಅಂದ್ರಾ?"

"ಹ್ಞೂಂ. ಆದ್ರೆ ನಂಗೇನೂ ತೋಚ್ತಿಲ್ಲ. ನಾನು ಮಾತ್ರೆ ತಗೋತಾ ಇದೀನಿ, ಅಷ್ಟೇ ಸಮಾಚಾರ."

ಒಳಗೆ ಮಂಚ ಕಿರುಗುಟ್ಟಿತು. "ಆ ಮಾತ್ರೆ ತಗೊಂಡ್ರೆ ದಪ್ಪ ಆಗ್ತಾರಂತೆ."

"ಬೀದೀಲೆಲ್ಲ ಸಣ್ಣ ಆಗಿದೀಯಾ ಅಂದ್ರು. ಬಂದು ನೀನೇ ನೋಡು."

ಚಿಲಕ ತೆಗೆದ ಸದ್ದಾಯಿತು. ಅವಳ ಬಾಚದ ತಲೆ ಹಿಂದಿನ ತಿಂಗಳು ನನ್ನದು ಇದ್ದಂತೆಯೇ ಇತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಪಕ್ಕದಲ್ಲಿ ಕೂತು, ಪುಸ್ತಕ ತೆಗೆದರೆ ಅಕ್ಷರ ಒಳಗೆ ಹೋಗುವುದಿಲ್ಲ, ಅಮ್ಮನಿಗೆ ಹೇಳಿದರೆ ಬ್ರಾಹ್ಮಿ ಲೇಹ್ಯ ತರುತ್ತಾರೆ ಅಂತ ಶುರುಮಾಡಿದಳು. ಅಡುಗೆಮನೆಯಲ್ಲಿ ಆಂಟಿ ಒಂದು ಪಾತ್ರೆಯ ಸದ್ದೂ ಮಾಡಲಿಲ್ಲ. ನಾನು ಉಳಿದ ಮನೆಗಳಿಗೆ ಆ ದಿನ ಹೋಗಲಿಲ್ಲ.

ಮುಂದಿನ ವಾರ ನಾವು ಆಸ್ಪತ್ರೆಗೆ ಒಂದೇ ಆಟೋದಲ್ಲಿ ಹೋದೆವು. ಆ ವರ್ಷ ಅವಳು ನೀಟ್ ಬರೆಯಲಿಲ್ಲ. ಆಂಟಿ ಕೇಳಿದವರಿಗೆಲ್ಲ ಮಗಳು ರೆಸ್ಟ್ ತಗೋತಿದ್ದಾಳೆ ಅಂದರು. ಮೊದಲೆರಡು ಸಲ ಸೆರಗು ಸರಿಮಾಡಿಕೊಳ್ಳುತ್ತ ಹೇಳಿದರು, ಆಮೇಲೆ ರೂಢಿಯಾಯಿತು. ನಾನು ಬಿಟ್ಟ ಸೆಮಿಸ್ಟರನ್ನು ಮುಂದಿನ ವರ್ಷ ಬರೆದೆ. ಪಾಸಾದೆ. ಅಂಕಗಳ ಬಗ್ಗೆ ಹೇಳುವಂಥದ್ದೇನಿಲ್ಲ.

ಕಾಯಿಲೆ ಅಷ್ಟಕ್ಕೇ ಬಿಡಲಿಲ್ಲ. ಮಾತ್ರೆ ನಿಂತು ಎಷ್ಟೋ ದಿನಗಳಾದ ಮೇಲೆ, ಇನ್ನೊಂದು ಚಳಿಗಾಲದಲ್ಲಿ, ಹಲ್ಲುಜ್ಜುವ ಬ್ರಷ್ಷು ಕೈಯಲ್ಲಿ ಹಿಡಿದು ಬಚ್ಚಲಲ್ಲಿ ಬಹಳ ಹೊತ್ತು ನಿಂತಿದ್ದೇನೆ ಅಂತ ನನಗೇ ಗೊತ್ತಾಯಿತು. ಹೊರಗೆ ಬಂದು ಅಮ್ಮನಿಗೆ, "ಮತ್ತೆ ಶುರುವಾಗಿದೆ ಅನ್ಸುತ್ತೆ," ಅಂದೆ. ಅವಳು ಶಾಲೆಗೆ ಹೊರಟು ನಿಂತಿದ್ದಳು. ಹೆಡ್‌ಮಾಸ್ಟರಿಗೆ ಫೋನ್ ಮಾಡಿದಳು. ಮಗಳಿಗೆ ಜ್ವರ ಅನ್ನುತ್ತಾಳೆ ಅಂದುಕೊಂಡೆ. "ಮಗಳಿಗೆ ಮನಸ್ಸು ಸರಿಯಿಲ್ಲ ಸಾರ್, ಡಾಕ್ಟ್ರತ್ರ ಹೋಗ್ಬೇಕು, ರಜ ಬೇಕು," ಅಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ನನ್ನನ್ನು ಕೂರಿಸಿ, ಬಿಸಿಲು ಇನ್ನೊಂದು ಬದಿಗಿದೆ ಅಂತ ನೋಡಿ, ನನ್ನನ್ನು ಎಬ್ಬಿಸಿ ಆ ಬಿಸಿಲಿನ ಸೀಟಿಗೆ ಕರೆದುಕೊಂಡು ಹೋದಳು. ಕಂಡಕ್ಟರು ಏನೋ ಗೊಣಗಿದ. ಅಮ್ಮ ಎರಡು ಟಿಕೆಟು ತೆಗೆದುಕೊಂಡಳು.